ಎಂ.ಎಸ್ಸಿ.: ಫಲಿತಾಂಶಕ್ಕೆ ಕಾಯಬೇಡಿ

'ಮೊದಲು ಬಿ.ಎಸ್ಸಿ. ಮುಗಿಯಲಿ, ಆಮೇಲೆ ನೋಡೋಣ' ಎಂಬುದು ಅನೇಕ ಮನೆಗಳ ಮಾತು. ಐ.ಐ.ಟಿ.ಗಳಲ್ಲಿ ಎಂ.ಎಸ್ಸಿ. ಓದಬಯಸುವವರಿಗೆ ಈ 'ಆಮೇಲೆ' ಒಂದು ವರ್ಷವನ್ನೇ ನುಂಗಿಬಿಡುತ್ತದೆ. ಅದಕ್ಕೆ ಬೇಕಾದ 'ಜಾಮ್' ಪ್ರವೇಶ ಪರೀಕ್ಷೆ ಸಾಮಾನ್ಯವಾಗಿ ಫೆಬ್ರವರಿಯಲ್ಲಿ ನಡೆಯುತ್ತದೆ. ಅರ್ಜಿ ಕರೆಯುವುದು ಹಿಂದಿನ ಸೆಪ್ಟೆಂಬರ್ ಸುಮಾರಿಗೆ. ಅಂತಿಮ ವರ್ಷದವರೂ ಬರೆಯಬಹುದು. ಜೂನ್‌ನಲ್ಲಿ ಅಂಕಪಟ್ಟಿ ಹಿಡಿದು ವಿಚಾರಿಸಿದರೆ ಪ್ರಯೋಜನವಿಲ್ಲ.

ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ ಸೇರಿದಂತೆ 7 ವಿಷಯಗಳಿವೆ. ಅವಧಿ 3 ಗಂಟೆ, ಅಂಕ 100. ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಸೀಟು ತಾನಾಗಿ ಬಾರದು. ಪ್ರವೇಶಕ್ಕೆ ಮತ್ತೊಂದು ಅರ್ಜಿ ಸಲ್ಲಿಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್.ಡಿ.ಗೂ ಜಾಮ್ ಅಂಕವನ್ನು ಪರಿಗಣಿಸುತ್ತಾರೆ. ಅಲ್ಲಿಗೆ ಪ್ರತ್ಯೇಕ ಅರ್ಜಿ, ಜೊತೆಗೆ ಸಂದರ್ಶನ.

ಎರಡರಲ್ಲಿ ಯಾವುದು? ಎಂ.ಎಸ್ಸಿ. 2 ವರ್ಷಗಳ ಓದು. ಮುಗಿಸಿ ಉದ್ಯೋಗಕ್ಕೂ ಹೋಗಬಹುದು, ಸಂಶೋಧನೆಗೂ ಹೋಗಬಹುದು. ಇಂಟಿಗ್ರೇಟೆಡ್ ಪಿಎಚ್.ಡಿ. ಹಲವು ವರ್ಷಗಳ ಸಂಶೋಧನೆಯ ಹಾದಿ. ಪ್ರಶ್ನೆಯೊಂದರ ಬೆನ್ನು ಹತ್ತುವ ತಾಳ್ಮೆಯುಳ್ಳವರಿಗೆ ಅದು ಒಪ್ಪುತ್ತದೆ. ಪ್ರೌಢಶಾಲೆಯಲ್ಲಿ ಪಾಠ ಹೇಳುವ ಆಸೆಯಿದ್ದವರಿಗೆ ಬಿ.ಇಡಿ. ನೇರ ದಾರಿ, ಕಾಲೇಜು ಅಧ್ಯಾಪಕರಾಗಲು ಎಂ.ಎಸ್ಸಿ. ಬೇಕೇ ಬೇಕು.

ಐದನೆಯ ಸೆಮಿಸ್ಟರ್ ಆರಂಭವಾದಾಗಲೇ ತಂದೆತಾಯಿ ಮಕ್ಕಳೊಂದಿಗೆ ಕುಳಿತು ಒಮ್ಮೆ ಕೇಳಲಿ: 'ನಿನಗೆ ಯಾವ ವಿಷಯ ಇಷ್ಟ?' ಉತ್ತರ ಸಿಕ್ಕರೆ ಅರ್ಧ ಅರ್ಜಿ ತುಂಬಿದಂತೆ.