ಕುಡಿತ ಬಿಡಿಸಿದರೆ ಸಾಲದು, ವರ್ಷವಿಡೀ ಜೊತೆ ನಿಲ್ಲಬೇಕು



ಮದ್ಯವರ್ಜನ ಶಿಬಿರದ ಸಮಾರೋಪದಲ್ಲಿ ಇಷ್ಟು ಮಂದಿ ಕುಡಿತ ಬಿಟ್ಟರು, ಪ್ರತಿಜ್ಞೆ ಮಾಡಿದರು ಎಂಬ ಸುದ್ದಿ ಆಗಾಗ ಬರುತ್ತದೆ. ಶಿಬಿರ ನಡೆಸುವವರ ಶ್ರಮ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಸಂಖ್ಯೆಯನ್ನೇ ಯಶಸ್ಸೆಂದು ಸಾರುವುದಕ್ಕೆ ನನ್ನ ತಕರಾರಿದೆ. ಕುಡಿತ ಬಿಟ್ಟಾಗಿನ ಕೈನಡುಕ, ಬೆವರು ವಾರದಲ್ಲಿ ನಿಂತಾವು. ನಿದ್ದೆಗೇಡು, ಚಡಪಡಿಕೆ, ಕುಡಿಯಬೇಕೆಂಬ ತುಡಿತ ತಿಂಗಳುಗಟ್ಟಲೆ ಕಾಡುತ್ತವೆ. ಮತ್ತೆ ಕುಡಿತಕ್ಕೆ ಬೀಳುವವರಲ್ಲಿ ಹೆಚ್ಚಿನವರು ಬೀಳುವುದು ಮೊದಲ ಕೆಲವು ತಿಂಗಳಲ್ಲೇ. ಶನಿವಾರ ಸಂಜೆ ಬಟವಾಡೆ ಕೈಗೆ ಬಂದಿದೆ, ಗಾರೆ ಕೆಲಸದ ಜೊತೆಗಾರರು ‘ಒಂದು ನೈಂಟಿ ಅಷ್ಟೇ, ಬಾರೋ’ ಎನ್ನುತ್ತಿದ್ದಾರೆ. ಆ ಗಳಿಗೆಯಲ್ಲಿ ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಮೊದಲೇ ಕಲಿಸಿ, ಆಮೇಲೂ ವಿಚಾರಿಸುತ್ತಿರುವುದೇ ನಿಜವಾದ ಚಿಕಿತ್ಸೆ.

ಮನಸ್ಸು ಗಟ್ಟಿಯಿದ್ದರೆ ಇದೆಲ್ಲ ಬೇಕಿಲ್ಲ ಎನ್ನುವವರಿದ್ದಾರೆ. ಆದರೆ ವ್ಯಸನ ಮರುಕಳಿಸುವ ಪ್ರಮಾಣ ಶೇ 40ರಿಂದ 60, ಇದು ಬಿ.ಪಿ., ಅಸ್ತಮಾ ಮರುಕಳಿಸುವುದಕ್ಕಿಂತ ಬೇರೆಯಲ್ಲ ಎಂದು 2000ದಲ್ಲೇ ಅಮೆರಿಕದ ತಜ್ಞರು ತೋರಿಸಿದ್ದರು. ಬಿ.ಪಿ. ಮತ್ತೆ ಏರಿದವನನ್ನು ನಾವು ಹೀಗಳೆಯುವುದಿಲ್ಲ, ಗುಳಿಗೆ ಬದಲಿಸುತ್ತೇವೆ. ಕುಡಿತದ ತುಡಿತ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಔಷಧಗಳೂ ಇವೆ. ಇಚ್ಛಾಶಕ್ತಿ ಬೇಕು, ನಿಜ. ಆದರೆ ಅದೊಂದನ್ನೇ ನಂಬಿದರೆ ಅಪಾಯ. ಒಮ್ಮೆ ಎಡವಿದವನು ‘ಆಣೆ ಮುರಿದೆ, ಇನ್ನೇನು ಉಳಿಯಿತು’ ಎಂದು ಪೂರ್ತಿ ಕುಡಿತಕ್ಕಿಳಿಯುತ್ತಾನೆ, ನಾಚಿಕೆಯಿಂದ ಸಹಾಯ ಕೇಳಲೂ ಬರುವುದಿಲ್ಲ. ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ದಶಕಗಳ ಹಿಂದೆಯೇ ಗುರುತಿಸಿದ ಸುಳಿ ಇದು. ಬೆಂಗಳೂರಿನ ಕೊಳೆಗೇರಿಯೊಂದರಲ್ಲಿ ನಿಮ್ಹಾನ್ಸ್ ವೈದ್ಯರು ವಾರವಾರ ಭೇಟಿಗೆ ಕರೆದು, ಬಾರದವರ ಮನೆಗೇ ಹೋಗಿ ವಿಚಾರಿಸಿದಾಗ ಕುಡಿಯದೆ ಉಳಿದ ದಿನಗಳು ಹೆಚ್ಚಿದ್ದವು. 2009ರಲ್ಲಿ ಅದು ಪ್ರಕಟವೂ ಆಯಿತು. ದಾರಿ ನಮ್ಮೂರಲ್ಲೇ ಇತ್ತು.

ಹಣವೆಲ್ಲಿದೆ ಎಂಬ ಪ್ರಶ್ನೆಯನ್ನಂತೂ ಒಪ್ಪಲಾರೆ. 2025–26ಕ್ಕೆ ಅಬಕಾರಿಯಿಂದ ರೂ 40 ಸಾವಿರ ಕೋಟಿ ನಿರೀಕ್ಷಿಸಿದ ರಾಜ್ಯ ಸರ್ಕಾರ ನಮ್ಮದು. ಇನ್ನೊಂದೆಡೆ, ದೇಶದ ಮದ್ಯವ್ಯಸನಿಗಳಲ್ಲಿ 38 ಮಂದಿಗೆ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ ಎಂದು 2019ರ ರಾಷ್ಟ್ರೀಯ ಸಮೀಕ್ಷೆ ಹೇಳಿತು. ಶಿಬಿರದಿಂದ ಹೊರಡುವವರ ಕೈಯಲ್ಲಿ ಮುಂದಿನ ಭೇಟಿಯ ದಿನಾಂಕವಿರುವ ಚೀಟಿ, ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಔಷಧ, ವರ್ಷ ತುಂಬಿದಾಗ ಒಂದು ಎಣಿಕೆ: ಇಷ್ಟು ಬೇಕು. ಇದನ್ನೂ ಆಶಾ ಕಾರ್ಯಕರ್ತೆಯರ ಹೆಗಲಿಗೇರಿಸುತ್ತೀರಾ ಎಂಬ ಆಕ್ಷೇಪ ಮಾತ್ರ ನ್ಯಾಯವಾದದ್ದು. ಅವರ ಮೇಲೆ ಈಗಾಗಲೇ ಹೊರೆ ಜಾಸ್ತಿ. ಹಾಗಾಗಿ ಮನೆಮನೆಗೆ ಹೋಗಿ ವಿಚಾರಿಸಲೆಂದೇ ಪ್ರತಿ ತಾಲ್ಲೂಕಿಗೆ ತರಬೇತಿ ಪಡೆದ ಆಪ್ತಸಮಾಲೋಚಕರನ್ನು, ಗೌರವಧನಕ್ಕಲ್ಲ, ಸಂಬಳಕ್ಕೆ ನೇಮಿಸಲಿ.

— ಓದುಗ