ಕಡೆಯವರೆಗೆ ಆಡಿದ ಪತ್ತೇದಾರಿ ಆಟ

ಕಂಪ್ಯೂಟರಿನ ಮುಂದೆ ಕುಳಿತ ಹೆಣ್ಣುಮಕ್ಕಳನ್ನು ಕಂಡೊಡನೆ ಕಾಲಹರಣವೆಂದು ಗದರಿಸುವುದು ನಮ್ಮ ಮನೆಗಳಲ್ಲಿ ವಾಡಿಕೆಯಾಗಿದೆ. ನಾವೂ ಹಾಗೆ ಗದರಿಸಿದವರೇ. ಆದರೆ ಕಳೆದ ಬೇಸಿಗೆಯ ರಜೆಯಲ್ಲಿ ಬಳ್ಳಾರಿಯ ನಮ್ಮ ಮನೆಗೆ ಬಂದಿದ್ದ ಸಿರುಗುಪ್ಪದ ತಂಗಿಯ ಮಗಳೂ ಕುರುಗೋಡಿನ ಅವಳ ಗೆಳತಿಯೂ ಒಂದು ಆಟವನ್ನು ಹದಿನೆಂಟು ದಿನ ಆಡಿ ಮುಗಿಸಿದ ಬಗೆಯನ್ನು ಕಂಡ ಮೇಲೆ ನಮ್ಮ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಯಿತು.

ಆಟದ ಹೆಸರು 'ದಿ ಡ್ಯಾಗರ್ ಆಫ್ ಆಮನ್ ರಾ'. ಅಮೆರಿಕದ ಸಿಯೆರಾ ಸಂಸ್ಥೆಯವರು 1992ರಲ್ಲಿ ಹೊರತಂದುದು; ಆಡಿದ ಹುಡುಗಿಯರಿಗಿಂತ ಎಷ್ಟೋ ಹಳೆಯದು. ಪರದೆಯ ಮೇಲೆ ಚಿತ್ರಿಸಿದ ಕೋಣೆಯಲ್ಲಿ ಒಂದೊಂದು ವಸ್ತುವನ್ನೂ ಮೌಸಿನಿಂದ ಒತ್ತಿ ಪರೀಕ್ಷಿಸಬೇಕು, ಬೇಕಾದುದನ್ನು ಎತ್ತಿಟ್ಟುಕೊಳ್ಳಬೇಕು, ಎದುರಾದವರನ್ನು ಪ್ರಶ್ನಿಸಬೇಕು. ಕಥೆ ನಡೆಯುವುದು 1926ರ ನ್ಯೂಯಾರ್ಕಿನಲ್ಲಿ. ಪತ್ರಿಕೆಯೊಂದಕ್ಕೆ ಹೊಸದಾಗಿ ಸೇರಿದ ಲಾರಾ ಬೋ ಎಂಬ ಯುವತಿಯು, ವಸ್ತುಸಂಗ್ರಹಾಲಯದಿಂದ ಕಳುವಾದ ಈಜಿಪ್ಟಿನ ಕಠಾರಿಯ ಸುದ್ದಿ ತರಲು ಹೋಗಿ, ಸಾಲುಸಾಲು ಕೊಲೆಗಳ ನಡುವೆ ಸಿಕ್ಕಿಕೊಳ್ಳುವಳು. ಈ ಲಾರಾಳನ್ನು ಮೊದಲು ಕಲ್ಪಿಸಿದವರು ರೊಬರ್ಟಾ ವಿಲಿಯಮ್ಸ್. 1980ರಲ್ಲಿ 'ಮಿಸ್ಟರಿ ಹೌಸ್' ರಚಿಸಿ ಇಂತಹ ಸಚಿತ್ರ ಆಟಗಳಿಗೆ ದಾರಿ ಹಾಕಿದಾಗ ಆಕೆ ಇಬ್ಬರು ಮಕ್ಕಳ ತಾಯಿ.

ನಮ್ಮ ಮನಸ್ಸನ್ನು ಹಿಡಿದುದು ಇದರ ಕೊನೆ. ಕೊರೋನರ್, ಎಂದರೆ ಸಂಶಯಾಸ್ಪದ ಮರಣಗಳನ್ನು ವಿಚಾರಿಸುವ ಅಧಿಕಾರಿ, ಲಾರಾಳನ್ನು ಕರೆದು ಕೊಂದವರಾರು, ಏಕೆ ಕೊಂದರು ಎಂದು ಒಂದೊಂದಾಗಿ ಕೇಳುವನು. ಉತ್ತರಗಳು ತಪ್ಪಿದರೂ ಆಟವೇನೋ ಮುಗಿಯುವುದು, ನ್ಯಾಯ ದೊರೆಯದು.

ಅಂತರ್ಜಾಲದಲ್ಲಿ ಈ ಆಟದ ಉತ್ತರಗಳೆಲ್ಲ ಹೆಜ್ಜೆಹೆಜ್ಜೆಗೂ ಬರೆದಿಟ್ಟಿವೆ. ಗೈಡು ಉರುಹೊಡೆದು ಪರೀಕ್ಷೆಗೆ ಹೋಗುವವರಂತೆ ಅವನ್ನು ನೋಡಿಕೊಂಡು ಒಂದೆರಡು ಹೊತ್ತಿನಲ್ಲಿ ಆಡಿಬಿಡಬಹುದು. ಮೂರು ದಿನ ಒಂದೇ ಬಾಗಿಲ ಮುಂದೆ ನಿಂತಾಗ ಅಣ್ಣನೊಬ್ಬನು ಹುಡುಕಿಕೊಡುವೆನೆಂದು ಬಂದನು. ಬೇಡವೆಂದವಳು ಕುರುಗೋಡಿನ ಹುಡುಗಿ. ಗಣಿತದಲ್ಲಿ ನಪಾಸಾಗಿ, ಯಾವುದಕ್ಕೂ 'ನನಗೆ ಬರುವುದಿಲ್ಲ' ಎನ್ನುತ್ತಿದ್ದವಳು ಇವಳೇ. ಯಾರು ಯಾವ ಹೊತ್ತಿಗೆ ಎಲ್ಲಿದ್ದರೆಂದು ನಲವತ್ತು ಪುಟದ ನೋಟುಬುಕ್ಕಿನಲ್ಲಿ ಗೆರೆ ಹಾಕಿ ಬರೆದಿಟ್ಟವಳೂ ಇವಳೇ. ಅವಳ ಅಂಕಗಳು ಇದರಿಂದ ಏರುವುವೆಂದು ನಾವು ಹೇಳಲಾರೆವು. ಆ ಮಾತನ್ನು ಮಾತ್ರ ಆ ಹದಿನೆಂಟು ದಿನ ಅವಳ ಬಾಯಲ್ಲಿ ಕೇಳಲಿಲ್ಲ.

ಆಟದಲ್ಲಿ ದೋಷವೂ ಉಂಟು. ಮೊದಲ ಅಂಕಗಳಲ್ಲಿ ಎತ್ತಿಕೊಳ್ಳದೆ ಬಿಟ್ಟ ವಸ್ತುವೊಂದು ಮುಂದೆ ಬೇಕಾದರೆ, ಹಿಂದಕ್ಕೆ ಹೋಗಲು ದಾರಿಯೇ ಇರದು. ಇದು ಬುದ್ಧಿಗೆ ಪರೀಕ್ಷೆಯಲ್ಲ, ಬರಿಯ ಕಾಟ. ಅಂತಹ ಕಡೆ ಒಂದು ಸುಳಿವು ಕೇಳಿದರೆ ನಾವು ತಪ್ಪೆಣಿಸೆವು.

ಉತ್ತರದ ಪುಸ್ತಕವಿಲ್ಲದ ಒಗಟಿಗೆ ಕೊಂಡಿಯೊಂದು ನಮ್ಮ ಸೀಮೆಯಲ್ಲಿಯೇ ಇದೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಓದಿದಾಗ ಶಾಸನಗಳಲ್ಲಿ ದೊರೆತುದು 'ದೇವಾನಾಂಪ್ರಿಯ ಪ್ರಿಯದರ್ಶಿ' ಎಂಬುದು ಮಾತ್ರ. ಆ ಅರಸನು ಅಶೋಕನೆಂದು ವಿದ್ವಾಂಸರು ಸಿಂಹಳದ ಗ್ರಂಥಗಳಿಂದ ತರ್ಕಿಸಿದರು. ಬಂಡೆಯ ಮೇಲೆಯೇ ಆ ಹೆಸರು ಕಂಡುದು 1915ರಲ್ಲಿ, ಮಸ್ಕಿಯಲ್ಲಿ. ಬಹುಕಾಲದ ಮೇಲೆ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳಗಳಲ್ಲಿಯೂ ಕಂಡಿತು. ಮಸ್ಕಿಯ ಬಂಡೆ ಸಿಕ್ಕುವವರೆಗೆ ಎಪ್ಪತ್ತೆಂಟು ವರ್ಷ ಎಂದು ನಾವು ಹೇಳಿದಾಗ ತಂಗಿಯ ಮಗಳು, "ಹಾಗಾದರೆ ನಮ್ಮ ಮೂರು ದಿನ ಹೆಚ್ಚಲ್ಲ ಬಿಡಿ, ದೊಡ್ಡಮ್ಮಾ" ಎಂದಳು.

ಆದುದರಿಂದ ತಾಯಿತಂದೆಗಳಲ್ಲಿ ನಮ್ಮ ವಿಜ್ಞಾಪನೆಯೇನೆಂದರೆ, ಆಟಕ್ಕೆ ಹೊತ್ತನ್ನು ಗೊತ್ತುಮಾಡಿರಿ, ಕಣ್ಣಿಗೆ ವಿಶ್ರಾಂತಿ ಕೊಡಿಸಿರಿ. ಆದರೆ ಇಂತಹ ಆಟವನ್ನು ಅರ್ಧದಲ್ಲಿ ಕಿತ್ತುಕೊಳ್ಳಬೇಡಿರಿ, ಉತ್ತರವನ್ನು ನೀವೇ ಹುಡುಕಿಕೊಡಲೂ ಬೇಡಿರಿ.

ಹದಿನೆಂಟನೆಯ ದಿನ ಕೊರೋನರನ ಮುಂದೆ ಹುಡುಗಿಯರ ಎರಡು ಉತ್ತರಗಳು ತಪ್ಪಿದವು. ಮರುದಿನ ಕುರುಗೋಡಿನ ಬಸ್ಸಿಗೆ ಹೊರಟವಳು ಬಾಗಿಲಲ್ಲಿ ನಿಂತು, ದಸರೆಯ ರಜೆಗೆ ಮತ್ತೆ ಬರಬಹುದೇ ಎಂದು ಕೇಳಿದಳು. ನೋಟುಬುಕ್ಕನ್ನು ಅವಳು ನಮ್ಮಲ್ಲಿಯೇ ಬಿಟ್ಟುಹೋಗಿದ್ದಾಳೆ.