ಅಟ್ಟದ ಕೊಬ್ಬರಿಯೂ ಸೋರುವ ಮಾಳಿಗೆಯೂ

ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿಗಳ ಹಳೆಯ ಮನೆಗಳಲ್ಲಿ ಅಟ್ಟಕ್ಕಿರುವ ಮರ್ಯಾದೆ ನಡುಮನೆಗೂ ಇಲ್ಲವೆಂದರೆ ಅತಿಶಯೋಕ್ತಿಯಾಗದು. ಬಲಿತ ತೆಂಗಿನಕಾಯಿಗಳನ್ನು ಸುಲಿಯದೆ ಅಲ್ಲಿ ಒಟ್ಟುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೆರಡು ತಿಂಗಳಾದರೂ ಬೇಕು. ಅಷ್ಟರಲ್ಲಿ ಒಂದು ಹೆಂಚು ಒಡೆದು ಮಳೆಯ ನೀರು ಕಾಯಿಗಳ ಮೇಲೆ ಇಳಿಯಿತೋ, ಬೂಷ್ಟು ಹಿಡಿದು ವರ್ಷದ ಗಳಿಕೆಗೇ ಸಂಚಕಾರ. ಆದುದರಿಂದ ಶಿಶುನಾಳ ಶರೀಫರ ‘ಸೋರುತಿಹುದು ಮನಿಯ ಮಾಳಿಗಿ’ ಎಂಬ ತತ್ವಪದವನ್ನು ಆ ಸೀಮೆಯ ಗೃಹಸ್ಥನಿಗೆ ಬಿಡಿಸಿ ಹೇಳಬೇಕಾದ ಶ್ರಮ ವಿದ್ವಾಂಸರಿಗಿಲ್ಲ.

ಶರೀಫರ (1819–1889) ಮಾಳಿಗೆಯೇನೋ ಬೇರೆ. ಧಾರವಾಡ, ಹಾವೇರಿಗಳ ಕಡೆ ಆ ಮಾತಿಗೆ ಮಣ್ಣು ಹೊದಿಸಿದ ಮಟ್ಟಸವಾದ ಛಾವಣಿಯೆಂದರ್ಥ. ಮೈಸೂರು ಸೀಮೆಯವರು ತಿಳಿಯುವಂತೆ ಮಹಡಿಯಲ್ಲ. ಅದು ಸೋರುತ್ತಿರುವುದು ಅಜ್ಞಾನದಿಂದ. ಕತ್ತಲೆಯಲ್ಲಿ ಮೇಲೇರಿ ಅದನ್ನು ಸರಿಪಡಿಸುವ ಧೈರ್ಯ ಮನೆಯ ಒಡೆಯನಿಗೇ ಇಲ್ಲ.

ಏಕತಾರಿಯ ಜತೆಯಲ್ಲಿ ಭಜನೆಯ ಜಗುಲಿಗಳಲ್ಲಿ ಬಾಳಿದ ಶರೀಫರ ಪದಗಳು ಸಿ. ಅಶ್ವಥ್ ಅವರ ಕಂಠದಲ್ಲಿ ನಾಡಿಗೆಲ್ಲ ಪರಿಚಿತವಾದುವು. 1990ರಲ್ಲಿ ನಾಗಾಭರಣರ ಚಲನಚಿತ್ರವೂ ಬಂದಿತು. 2008ರಲ್ಲಿ ಈ ಪದ ಇನ್ನೊಂದು ವೇಷ ತೊಟ್ಟಿತು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರ ತಂಡ ತನ್ನ ಮೊದಲ ಆಲ್ಬಮ್‌ನಲ್ಲಿ, ಹಿಂದಿ ಇಂಗ್ಲಿಷ್ ಹಾಡುಗಳ ನಡುವೆ, ಗಿಟಾರ್ ಡ್ರಮ್‌ಗಳೊಡನೆ ಇದನ್ನೂ ಸೇರಿಸಿತು.

ಹಳ್ಳಿಯ ಪದವನ್ನು ಪಟ್ಟಣದ ರಾಕ್ ತಂಡ ಮುಟ್ಟಬಹುದೆ? ಹಿರಿಯರ ಆಕ್ಷೇಪಣೆ ನಿರಾಧಾರವೇನಲ್ಲ. ಇಂಗ್ಲೆಂಡಿನ ಖ್ಯಾತ ರೋಲಿಂಗ್ ಸ್ಟೋನ್ಸ್ ತಂಡ 1978ರ ‘ಸಮ್ ಗರ್ಲ್ಸ್’ ಆಲ್ಬಮ್‌ನಲ್ಲಿ ‘ಫಾರ್ ಅವೇ ಐಸ್’ ಎಂಬ ಹಾಡನ್ನು ಅಮೆರಿಕದ ಹಳ್ಳಿಗಾಡಿನ ‘ಕಂಟ್ರಿ’ ಧಾಟಿಯಲ್ಲಿ ಕಟ್ಟಿತು. ವಾದ್ಯಗಳು ಭಕ್ತಿಯಿಂದಲೇ ನುಡಿಯುತ್ತವೆ. ಆದರೆ ಮಿಕ್ ಜಾಗರ್ ಹಳ್ಳಿಗನ ರಾಗವೆಳೆತವನ್ನು ಬೇಕೆಂದೇ ಅನುಕರಿಸಿ ನಗೆಯಾಡುತ್ತಾನೆ. ಹಾಡು ಸೊಗಸಾಗಿದೆ, ನಿಜ. ಆದರೂ ಆ ನಗೆ ಯಾರನ್ನು ಕುರಿತದ್ದೆಂದು ಹಳ್ಳಿಯವನಿಗೆ ತಿಳಿಯದೆ ಇರದು.

ದೀಕ್ಷಿತರ ಹಾಡಿನಲ್ಲಿ ಆ ನಗೆಯಿಲ್ಲ. ಹಳೆಯ ಮೈಸೂರಿನ ಬಾಯಿಗೆ ಸಹಜವಾದ ‘ಮನೆಯ ಮಾಳಿಗೆ’ಯನ್ನು ಅವರು ತರಲಿಲ್ಲ, ಶರೀಫರ ‘ಮನಿಯ ಮಾಳಿಗಿ’ ಹಾಗೆಯೇ ಉಳಿಯಿತು. ಅಕ್ಷರದ ಮಟ್ಟಿಗೆ ಅಲ್ಪ ಸಂಗತಿ. ವಿನಯದ ಮಟ್ಟಿಗೆ ಅಲ್ಪವಲ್ಲ. ಲುಂಗಿಯುಟ್ಟು, ಗೆಜ್ಜೆ ಕಟ್ಟಿದ ಗಾಯಕನ ಮುಂದೆ ಕುಣಿಯುವ ತರುಣರಿಗೆ ತಮ್ಮ ಅಜ್ಞಾನ ನೆನಪಾಗುವುದೋ ಇಲ್ಲವೋ, ಅದು ಬೇರೆ ಮಾತು. ಒಂಟಿ ಏಕತಾರಿಯ ಸುತ್ತ ಕವಿಯುವ ಕತ್ತಲೆ ಡ್ರಮ್‌ನ ಬಳಿ ಸುಳಿಯುವುದೂ ಕಷ್ಟ.

ತುರುವೇಕೆರೆಯ ಹುಡುಗನಿಗೆ ಮಾತ್ರ ಈ ಪದ ಕಿವಿಗೆ ಬಿದ್ದರಷ್ಟೇ ಸಾಲದು. ಮುಂಗಾರು ಸಮೀಪಿಸಿತೆಂದರೆ ಹೆಂಚು ಕೈಯಾಡಿಸಲು ಮನೆಯಲ್ಲಿ ಯಾರಾದರೊಬ್ಬರು ಏಣಿ ಹತ್ತಲೇಬೇಕು. ಅಟ್ಟದ ಮೇಲೆ ಕಾಯಿ ಇನ್ನೂ ಕೊಬ್ಬರಿಯಾಗಿರುವುದಿಲ್ಲ.